ಹುಟ್ಟುವ ಮೊದಲಿನ ತೊಟ್ಟಿಲು

ಶಿಷ್ಯ ಕೇಳಿದ: “ಗುರುಗಳೇ, ಕೆಲಸ ಕೇಳಿಕೊಂಡು ಹೋದರೆ ಕೆಲವರು ಆಗಲಿ ಎನ್ನುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅಂಥ ಬಾಗಿಲಿಗೆ ಮತ್ತೆ ಹೋಗಬೇಕೆ, ಮಾನ ಉಳಿಸಿಕೊಂಡು ಸುಮ್ಮನಿರಬೇಕೆ?”

ಗುರು ಹೇಳಿದರು:

ಒಬ್ಬ ಬಡಗಿ ಇದ್ದ. ಊರಿಗೆ ಹೊಸಬ. ಮುರಿದ ಬಾಗಿಲು, ಅಲುಗಾಡುವ ಮಂಚದ ಕಾಲು, ಇಷ್ಟೇ ಅವನ ಪಾಲಿಗೆ ಬರುತ್ತಿತ್ತು. ತಾನು ಮಾಡಿದ್ದರಲ್ಲಿ ಒಂದು ಮಗು ಮಲಗಬೇಕು ಎಂಬುದು ಅವನ ಆಸೆ. ತೊಟ್ಟಿಲು ಮಾಡುವುದನ್ನು ಅಪ್ಪ ಕಲಿಸಿದ್ದ, ಮಾಡಿಸುವವರು ಸಿಕ್ಕಿರಲಿಲ್ಲ.

ವರ್ತಕನ ಮನೆಯ ಸೊಸೆ ಬಸುರಿ ಎಂದು ತಿಳಿಯಿತು. ಬಡಗಿ ಓಡಿದ. ವರ್ತಕನ ತಾಯಿ ಜಗಲಿಯಲ್ಲಿ ಕೂತಿದ್ದಳು. “ತೊಟ್ಟಿಲು ನಾನು ಮಾಡಿಕೊಡುತ್ತೇನೆ, ಅವ್ವ” ಎಂದ. ಮುದುಕಿ ಮುಖ ತಿರುಗಿಸಿದಳು. ಕೆಲವು ದಿನ ಬಿಟ್ಟು ಹೋದ. ಆಕೆ ಎದ್ದು ಒಳಗೆ ನಡೆದಳು. ಮತ್ತೂ ಹೋಗಿ, ಗಿಳಿ ಕೆತ್ತಿದ ಹಲಗೆಯನ್ನು ತೋರಿಸಿದ. ಆಕೆ ಬಾಗಿಲು ಹಾಕಿಕೊಂಡಳು.

ಆಮೇಲೆ ಬಡಗಿ ಹೋಗಲಿಲ್ಲ. ಆದರೆ ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಉಳಿ ನಿಲ್ಲಿಸಿ ಕಿವಿಗೊಡುತ್ತಿದ್ದ. ಸಂತೆಗೆ ಹೋಗುವಾಗ ಬಳಸುದಾರಿ ಹಿಡಿದು ಆ ಮನೆಯ ಮುಂದೆಯೇ ಹಾಯುತ್ತಿದ್ದ. ತಲೆ ಮಾತ್ರ ಎತ್ತುತ್ತಿರಲಿಲ್ಲ.

“ಹೋಗಿ ಕೇಳಿ ಬನ್ನಿ, ಇಲ್ಲದಿದ್ದರೆ ಆ ಗಿಳಿಯನ್ನು ಒಲೆಗೆ ಹಾಕುತ್ತೇನೆ” ಎಂದಳು ಹೆಂಡತಿ. “ನನ್ನನ್ನು ನೋಡಲು ಬಂದಾಗಲೂ ನೀವು ಇಷ್ಟು ಹಂಬಲಿಸಿರಲಿಲ್ಲ.”

“ಬೇಕಿದ್ದರೆ ಅವರೇ ಹೇಳಿಕಳಿಸುತ್ತಾರೆ” ಎಂದ.

ಒಂದು ದಿನ ಆ ಮನೆಯಿಂದ ಜೋಗುಳ ಕೇಳಿಸಿತು. ಬಾಗಿಲು ತೆರೆದಿತ್ತು. ಒಳಗೆ, ಪಕ್ಕದೂರಿನ ಬಡಗಿ ಮಾಡಿಕೊಟ್ಟ ತೊಟ್ಟಿಲು ತೂಗುತ್ತಿತ್ತು. ಅವನು ಹೊಸಿಲಲ್ಲೇ ನಿಂತು, ಮಗು ನಿದ್ದೆ ಹೋಗುವವರೆಗೂ ನೋಡಿದ.

ಆಮೇಲೆ ತೊಟ್ಟಿಲು ತೂಗುತ್ತಿದ್ದ ಮುದುಕಿಗೆ ಹೇಳಿದ: “ಮೊದಲು ಬಂದವನು ನಾನಲ್ಲವೆ, ಅವ್ವ? ಒಂದು ಮಾತು ಆಡಬಾರದಿತ್ತೆ?”

“ಹೇಗೆ ಆಡಲಿ, ಮಗನೇ? ಸೊಸೆಯ ಹಿಂದಿನ ಕೂಸು ಉಳಿಯಲಿಲ್ಲ. ಹುಟ್ಟುವ ಮೊದಲೇ ತೊಟ್ಟಿಲ ಮಾತೆತ್ತಬಾರದು ಎಂದು ಬಾಯಿ ಬಿಗಿಹಿಡಿದಿದ್ದೆ. ಹುಟ್ಟಿದ ಮೇಲೆ ನೀನು ಬರುತ್ತೀ ಎಂದು ದಾರಿ ನೋಡಿದೆ. ಪಕ್ಕದೂರಿನವನು ಬಂದ.”

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಅವನು ಇನ್ನೂ ಒಂದು ಸಲ ಹೋಗಬೇಕಿತ್ತು, ಅಲ್ಲವೇ?”

ಗುರು ಹೇಳಿದರು: “ಅಷ್ಟು ಸಲ ಹೋದವನು, ಬಸುರಿ ಹೇಗಿದ್ದಾಳೆ ಎಂದು ಒಮ್ಮೆಯಾದರೂ ಕೇಳಿದನೇ?”