ಮಿಂಚಿಯ ಆರು ಸುತ್ತು

ಎಳೆಗುದುರೆ ಮಿಂಚಿಗೆ ಓಟ ಕಲಿಸುತ್ತಿದ್ದ ಹುಂಜ ಬೇಲಿಯ ಮೇಲಿಂದ ಕೂಗಿದ: “ನಿನ್ನ ತಾಯಿ ಆ ಹುಣಸೆಮರವನ್ನು ಇಪ್ಪತ್ತು ಎಣಿಸುವುದರೊಳಗೆ ಮುಟ್ಟುತ್ತಿದ್ದಳು. ನೀನೂ ಹಾಗೇ ಆರು ಸಲ ಓಡು. ನಡುವೆ ಸುಧಾರಿಸಿಕೊಳ್ಳಕೂಡದು.”

ಮಿಂಚಿ ಎರಡು ಸಲ ಹಾಗೆಯೇ ಓಡಿದಳು. ಮೂರನೆಯ ಸಲ ಕಾಲು ಸೋತು ಮುಗ್ಗರಿಸಿ ಬಿದ್ದಳು.

“ಸೋಮಾರಿ! ವಂಶಕ್ಕೇ ಅವಮಾನ!” ಎಂದ ಹುಂಜ.

ಮಿಂಚಿಗೆ ಮೈಯೆಲ್ಲ ಉರಿದುಹೋಯಿತು. “ಅಮ್ಮನ ಓಟ ಎಣಿಸಿದಿರಿ, ಸರಿ. ನನ್ನ ಏದುಸಿರು ಒಮ್ಮೆಯಾದರೂ ನಿಮ್ಮ ಕಿವಿಗೆ ಬಿತ್ತೇ, ಗುರುಗಳೇ? ಕೆಳಗಿಳಿದು ನನ್ನ ಜೊತೆ ಒಂದು ಸುತ್ತು ಓಡಿ ನೋಡಿ!”

“ಓಡುವುದು ನನ್ನ ಕೆಲಸವಲ್ಲ.”

“ಹಾಗಾದರೆ ನನ್ನ ವೇಗ ಗೊತ್ತುಮಾಡುವುದೂ ನಿಮ್ಮ ಕೆಲಸವಲ್ಲ!”

ಅವಳು ಎದ್ದು, ಉಸಿರು ಹದಕ್ಕೆ ಬರುವವರೆಗೆ ನಡೆದಳು. ಆಮೇಲೆ ತಾನೇ ಎಣಿಸುತ್ತ ಓಡಿದಳು. ಮೂವತ್ತಕ್ಕೆ ಮರ ಮುಟ್ಟಿದಳು. ಮತ್ತೆ ನಡೆದಳು, ಮತ್ತೆ ಓಡಿದಳು. ಆರನೆಯ ಸುತ್ತಿಗೂ ಮೂವತ್ತೇ ಆಯಿತು.