ಈರಮ್ಮತಾಯಿಯವರು ತೊಟ್ಟ ಜರಿಯಂಚಿನ ಕುಪ್ಪಸ

ಪೂಜ್ಯ ಈರಮ್ಮತಾಯಿಯವರು ಬಿಳೇಕಲ್ಲೂರಿನಲ್ಲಿ ನೆಲೆಸಿದ್ದಾಗ ಅವರಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ನೇಕಾರರ ಓಣಿಯ ಕೊನೆಗೆ ಒಂದು ಮಣ್ಣಿನ ಮನೆ. ಅದರ ಬಾಗಿಲಲ್ಲಿ ಕುಳಿತು ಓಣಿಯವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದೇ ಅವರ ನಿತ್ಯಪೂಜೆ. ಹರೆಯದಲ್ಲೇ ಪತಿಯನ್ನು ಕಳೆದುಕೊಂಡವರು. ನಲವತ್ತು ವರ್ಷಗಳಿಂದ ಬಣ್ಣವಿಲ್ಲದ ಒರಟು ಸೀರೆಯನ್ನೇ ಉಟ್ಟವರು. ಊರಿನ ಹಿರಿಯರೂ ನಿತ್ಯ ಬಂದು ಅವರ ಪಾದಕ್ಕೆ ಹಣೆ ಹಚ್ಚಿ ಹೋಗುತ್ತಿದ್ದರು.

ಅದೇ ಓಣಿಯ ಶಾವಂತ್ರವ್ವ ಖಣ ನೇಯುವುದರಲ್ಲಿ ಎತ್ತಿದ ಕೈ. ನವರಾತ್ರಿಗೆ ಊರದೇವತೆ ಚೌಡವ್ವನಿಗೆ ಏರಿಸುವ ಕುಪ್ಪಸದ ಖಣ ವರ್ಷವೂ ಆಕೆಯ ಮಗ್ಗದಿಂದಲೇ ಬರುತ್ತಿತ್ತು. ಆ ವರ್ಷ ಆಷಾಢದಲ್ಲಿ ಆಕೆಯ ಗಂಡ ಜ್ವರದಿಂದ ತೀರಿಕೊಂಡ. ಆಕೆ ಮತ್ತೆ ಮಗ್ಗಕ್ಕೆ ಇಳಿದಳು. ನವಿಲುಗೊರಳಿನ ಬಣ್ಣದ ಮೈ, ನಾಲ್ಕು ಬೆರಳಗಲದ ಜರಿಯಂಚು. ಅಂಥ ಖಣ ಆಕೆಯೇ ಹಿಂದೆ ನೇಯ್ದಿರಲಿಲ್ಲ.

ಘಟಸ್ಥಾಪನೆಯ ಬೆಳಿಗ್ಗೆ ಗುಡಿಯ ಮೆಟ್ಟಿಲಲ್ಲಿ ದೈವದ, ಅಂದರೆ ಕುಲಪಂಚಾಯಿತಿಯ, ಹಿರಿಯ ಮಲಕಾಜಪ್ಪ ಆಕೆಯನ್ನು ತಡೆದ.

“ಗಂಡನ್ನ ಕಳಕೊಂಡಾಕಿ ನೇಯ್ದ ಖಣ ಮುತ್ತೈದಿ ತಾಯಿ ಮೈಮ್ಯಾಲೆ ಏರಂಗಿಲ್ಲ. ತಿರುಗಿ ಹೋಗವಾ.”

“ಸತ್ತಾನ ನನ್ನ ಗಂಡ, ಯಜಮಾನ್ರ. ನನ್ನ ಕೈ ಸತ್ತಿಲ್ಲ” ಎಂದಳು ಶಾವಂತ್ರವ್ವ. ಕಣ್ಣೀರು ಹಾಕಲಿಲ್ಲ. ನೇರವಾಗಿ ತಾಯಿಯವರ ಬಳಿಗೆ ನಡೆದು, ಖಣವನ್ನು ಅವರ ಮುಂದೆ ಹಾಸಿದಳು. “ಇದರಾಗ ಮೈಲಿಗಿ ಐತೇನು, ನೀವ ಹೇಳ್ರಿ. ಹೌದಂದ್ರ ಇಲ್ಲೇ ಸುಡ್ತೀನಿ. ಮಗ್ಗಾನೂ ಕಿತ್ತು ಒಲಿಗೆ ಹಾಕ್ತೀನಿ.”

ತಾಯಿಯವರು ಕಂಡಿಕೆಯನ್ನು ಕೆಳಗಿಟ್ಟರು. ಅಂಚಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿದರು. ಆಮೇಲೆ ಎದುರು ಮನೆಯ ದರ್ಜಿ ಲಾಲಸಾಬನನ್ನು ಕರೆದರು.

“ಲಾಲಪ್ಪಾ, ಇದರಾಗ ನನಗೊಂದು ಕುಪ್ಪಸ ಹೊಲಿ. ಚೌಡವ್ವನ ಬಾಗಿಲಿಂದ ತಿರುಗಿ ಬಂದದ್ದು ನನಗ ಪ್ರಸಾದ.”

ಮಧ್ಯಾಹ್ನದ ಹೊತ್ತಿಗೆ ತಾಯಿಯವರು ಒರಟು ಬಿಳಿ ಸೀರೆಯ ಮೇಲೆ ಜರಿಯಂಚಿನ ಕುಪ್ಪಸ ತೊಟ್ಟು ಓಣಿಯ ನಡುವೆ ನಡೆದು ಬಂದರು. ಕಂಡವರು ದಂಗಾದರು. ಕೆಲವರು ಮುಖ ತಿರುಗಿಸಿದರು. ತಾಯಿಯವರು ಗುಡಿಯ ಅದೇ ಮೆಟ್ಟಿಲ ಮೇಲೆ ಹೋಗಿ ಕುಳಿತರು.

ಮಲಕಾಜಪ್ಪ ಓಡಿಬಂದ. “ತಾಯಿ, ಎಲ್ಲಾ ಬಿಟ್ಟವರು ನೀವು. ಈ ವಯಸ್ಸಿನಾಗ ನಿಮಗ ಜರಿ ಯಾಕ್ರಿ?”

“ನಾನೂ ಗಂಡ ಸತ್ತಾಕೀನ, ಮಲಕಾಜಪ್ಪ. ದಿನಾ ಬಂದು ನನ್ನ ಕಾಲಿಗೆ ಬೀಳ್ತಿ. ನನ್ನ ಕಾಲಿಗಿಲ್ಲದ ಮೈಲಿಗಿ ಆಕಿ ಕೈಗೆ ಎಲ್ಲಿಂದ ಬಂತು?”

ಮಲಕಾಜಪ್ಪ ಒಂದು ಮೆಟ್ಟಿಲು ಹಿಂದೆ ಸರಿದ.

“ಆಕಿ ನೇಯ್ದದ್ದು ಒಳಗ ಹೋಗುತನಕ ನಾ ಏಳಂಗಿಲ್ಲ” ಎಂದು ತಾಯಿಯವರು ಕಣ್ಣು ಮುಚ್ಚಿದರು.

ಅಂದಿನಿಂದ ಅವರನ್ನು ದಾಟಿ ಗುಡಿಯೊಳಗೆ ಕಾಲಿಡುವ ಧೈರ್ಯ ಯಾರಿಗೂ ಆಗಲಿಲ್ಲ. ಉಡಿ ತುಂಬಲು ಬಂದ ಹೆಂಗಸರು ಅಕ್ಕಿ, ಕಾಯಿಯ ತಟ್ಟೆಗಳನ್ನು ಹಿಡಿದು ಮೊದಲು ನಿಂತರು, ಆಮೇಲೆ ಒಬ್ಬೊಬ್ಬರಾಗಿ ತಾಯಿಯವರ ಸುತ್ತ ಕುಳಿತರು. ದೈವದವರು ಗದರಿದರು, ಒಬ್ಬಳೂ ಏಳಲಿಲ್ಲ.

ಮೂರನೆಯ ದಿನ ಒಬ್ಬ ಮುದುಕಿ ಗೋಡೆ ಹಿಡಿಯುತ್ತ ಬಂದಳು. ಮಲಕಾಜಪ್ಪನ ಅಕ್ಕ ಗುರುಬಾಯವ್ವ. ಹಬ್ಬದ ದಿನಗಳಲ್ಲಿ ಆಕೆ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ತಾಯಿಯವರ ಪಕ್ಕದಲ್ಲಿ ಕುಳಿತು, ಅವರ ತೋಳಿನ ಜರಿಯನ್ನು ಮುಟ್ಟಿ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ನಾನೂ ಹಸಿರು ಖಣ ತೊಟ್ಟಾಕೀನ, ತಮ್ಮಾ. ಹನ್ನೊಂದು ವರ್ಷದಾಕಿದ್ದಾಗ ಗಂಡ ಸತ್ತ, ಅದನ್ನ ಕಳಚಿಸಿದರು. ಆಗ ನೀನಿನ್ನೂ ಹುಟ್ಟಿರಲಿಲ್ಲ. ಅವ್ವ ಹಾಸಿಗಿ ಹಿಡಿದಾಗ ನಿನಗ ನೀರೆರದಿದ್ದು, ಉಣಿಸಿದ್ದು ಇದೇ ಕೈ. ನಿನಗ ಮೈಲಿಗಿ ಆತೇನು?”

ಮಲಕಾಜಪ್ಪ ರುಮಾಲು ತೆಗೆದು ನೆಲದ ಮೇಲೆ ಕುಸಿದು ಕುಳಿತ. ಅಷ್ಟು ಜನರ ಮುಂದೆ ಗಳಗಳನೆ ಅತ್ತ. ತಾಯಿಯವರು ಕಣ್ಣು ತೆರೆದರೇ ಹೊರತು ಸಮಾಧಾನ ಹೇಳಲಿಲ್ಲ. ಕೊನೆಗೆ ಆತನೇ ಎದ್ದು, ಹೆಂಗಸರ ನಡುವೆ ಕುಳಿತಿದ್ದ ಶಾವಂತ್ರವ್ವನ ಮುಂದೆ ಕೈಮುಗಿದ.

“ತಂಗಿ, ಎರಡು ಖಣ ನೇಯ್ದು ಕೊಡು. ಒಂದು ಚೌಡವ್ವಗ. ಒಂದು ನಮ್ಮಕ್ಕಗ.”

ಆಯುಧಪೂಜೆಯ ದಿನ ಶಾವಂತ್ರವ್ವ ತಾನು ನೇಯ್ದ ಖಣವನ್ನು ತಾನೇ ಹೊತ್ತು ಗುಡಿಯ ಒಳಗೆ ಹೋದಳು. ಅಂದು ತಾಯಿಯವರು ಮೆಟ್ಟಿಲಿನಿಂದ ಎದ್ದರು.

ಸುದ್ದಿ ಕೇಳಿ ಸುತ್ತಲಿನ ಹಳ್ಳಿಗಳ ಹಿರಿಯರು ಮಲಕಾಜಪ್ಪನ ಮನೆಗೆ ಬಂದು, ಕುಲದಿಂದ ಹೊರಗೆ ಹಾಕುತ್ತೇವೆಂದು ಬೆದರಿಸಿದರು. ಪಡಸಾಲೆಯಲ್ಲಿ ಗುರುಬಾಯವ್ವ ಹಸಿರು ಕುಪ್ಪಸ ತೊಟ್ಟು ಅಕ್ಕಿ ಆರಿಸುತ್ತಿದ್ದಳು. ಮಲಕಾಜಪ್ಪ ಎದ್ದು ಹೊಸ್ತಿಲಿಗೆ ಅಡ್ಡಲಾಗಿ ನಿಂತ.

“ಹಾಕ್ರಿ ಹೊರಗ. ಆದ್ರ ನಮ್ಮಕ್ಕನ ಕುಪ್ಪಸ ಎರಡನೇ ಸಲ ಕಳಚಸಾಕ ಬರಾವ, ಮೊದಲು ನನ್ನ ಹೆಣಾ ದಾಟಿ ಬರಲಿ.”