ಬಂಡಿಯ ಮೇಲೆ ಬಿದ್ದ ಹಳದಿ ಚುಕ್ಕೆ

ಭೂಮಿ ಹೊಸದಾಗಿದ್ದ ಕಾಲ ಕಣೇ ಪುಟ್ಟಿ. ಬೆಟ್ಟಗಳಿಗೆ ಇನ್ನೂ ಹೆಸರು ಇಟ್ಟಿರಲಿಲ್ಲ. ಬಂಡೆ, ಗಾಳಿ, ಮರ ಎಲ್ಲವೂ ಮಾತಾಡುತ್ತಿದ್ದವು.

ಹೆಜ್ಜೇನುಗಳಿಗೆ ಆಗ ಮನೆಯೇ ಇರಲಿಲ್ಲ. ಅವು ದೊಡ್ಡ ಬಂಡೆಯ ಹತ್ತಿರ ಹೋಗಿ ಕೇಳಿದವು. “ಬಂಡೆಯಪ್ಪ, ನಿನ್ನ ಮಡಿಲಲ್ಲಿ ಜೇನುಹುಟ್ಟು ಕಟ್ಟಿಕೊಳ್ಳಬಹುದಾ?”

“ಕಟ್ಟಿಕೊಳ್ಳಿ. ಆದರೆ ನನ್ನ ಮಡಿಲು ಗಲೀಜು ಮಾಡಬಾರದು” ಅಂದಿತು ಬಂಡೆ.

“ಮಾಡಲ್ಲಪ್ಪ” ಅಂತ ಮಾತು ಕೊಟ್ಟವು. ಕೊಟ್ಟ ಮಾತು ಉಳಿಸಿಕೊಂಡವು. ಎಷ್ಟು ಉಳಿಸಿಕೊಂಡವು ಅಂದರೆ, ಹೊಟ್ಟೆ ಹಗುರ ಮಾಡಿಕೊಳ್ಳುವುದನ್ನೇ ಬಿಟ್ಟುಬಿಟ್ಟವು, ಪಾಪ. ಎಲ್ಲಿ ಹೋಗಬೇಕು ಅಂತ ಕೇಳೋಕೂ ಅವಕ್ಕೆ ನಾಚಿಕೆ.

ಬೇಸಿಗೆ ಬಂತು. ಕಾಡೆಲ್ಲ ಹೂವು. ಜೇನುಗಳು ಹೂವಿನ ಹಳದಿ ಪುಡಿ ತಿಂದವು, ತಿಂದವು, ಇನ್ನೂ ತಿಂದವು. ಹೊಟ್ಟೆ ಭಾರವಾಯಿತು, ಮೈ ಕಾವೇರಿತು. ಸಾವಿರಾರು ಜೇನುಗಳ ಕಾವಿನಿಂದ ಹುಟ್ಟು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಮೇಣದ ಗೂಡಿನೊಳಗೆ ಮಲಗಿದ್ದ ಮರಿಗಳು ಒದ್ದಾಡತೊಡಗಿದವು.

ಒಂದು ಹಿರಿಜೇನು ಅದನ್ನು ನೋಡಲಾರದೆ ಗಾಳಿಯನ್ನು ಕರೆಯಿತು. “ಗಾಳಿಯಣ್ಣ, ನಮ್ಮ ಮಕ್ಕಳು ಬೇಯುತ್ತಿವೆ. ಏನು ಮಾಡಲಿ?”

ಗಾಳಿ ಅದರ ಹೊಟ್ಟೆ ನೋಡಿತು. ಎಲ್ಲ ಅರ್ಥವಾಯಿತು. “ಅಯ್ಯೋ ಹುಚ್ಚಕ್ಕ, ಇದಕ್ಕೆ ನಾಚಿಕೆ ಯಾಕೆ? ಹೊತ್ತು ಇಳಿಯಲಿ, ಎಲ್ಲರೂ ಒಟ್ಟಿಗೆ ಹೊರಗೆ ಬನ್ನಿ. ಹಾರುತ್ತಾ ಹಗುರಾಗಿ. ಒಂದೊಂದು ಹನಿಯನ್ನೂ ದೂರ ದೂರ ಚೆಲ್ಲುವ ಕೆಲಸ ನನ್ನದು.”

ಸಂಜೆ ಜೇನುಗಳು ಭೋರ್ ಎಂದು ಹೊರಬಂದು ಸುತ್ತು ಹಾಕಿದವು. ಹಳದಿ ಹನಿಗಳು ಉದುರಿದವು. ಹುಟ್ಟು ತಣ್ಣಗಾಯಿತು. ಮರಿಗಳು ನಿದ್ದೆ ಹೋದವು.

ಬಂಡೆಯ ಕೆಳಗಡೆ ಕೆಂಚಮ್ಮ ಅನ್ನುವವಳ ಮನೆ. ಹೊಳೆಯಾಚೆ ಇದ್ದ ಅವಳ ತಂಗಿ ತುಂಬು ಬಸುರಿ. ತಂಗಿಯನ್ನು ಹೆರಿಗೆಗೆ ಕರೆತರಬೇಕು ಅಂತ ಕೆಂಚಮ್ಮ ತಾನೇ ಒಂದು ಬಂಡಿ ಮಾಡಿ, ಕೆಮ್ಮಣ್ಣಿಗೆ ಎಣ್ಣೆ ಕಲಸಿ ಮಿರಿಮಿರಿ ಮಿಂಚುವ ಹಾಗೆ ಬಳಿದಿದ್ದಳು. ಬೆಳಿಗ್ಗೆ ಎದ್ದು ನೋಡುತ್ತಾಳೆ, ಬಂಡಿಯ ತುಂಬ ಹಳದಿ ಚುಕ್ಕೆ!

“ತಂಗಿ ಬರುವ ದಿನವೇ ಯಾರು ಹೀಗೆ ಮಾಡಿದ್ದು?” ಅಂತ ಕೂಗಿದಳು. ಮೊದಲು ಮೈನಾ ಹಕ್ಕಿಯನ್ನು ಗದರಿದಳು.

“ನಂದಾಗಿದ್ದರೆ ಬೆಳ್ಳಗೆ ಇರುತ್ತಿತ್ತು, ಇಷ್ಟು ಚಿಕ್ಕದೂ ಇರುತ್ತಿರಲಿಲ್ಲ” ಅಂದಿತು ಮೈನಾ.

ಬೇವಿನ ಮರವನ್ನು ಕೇಳಿದಳು. “ನನ್ನ ಅಂಟಾಗಿದ್ದರೆ ಮುಟ್ಟಿದ ಕೂಡಲೇ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಮುಟ್ಟಿ ನೋಡಮ್ಮ” ಅಂದಿತು ಮರ. ಮುಟ್ಟಿದಳು. ಅಂಟಲಿಲ್ಲ. ಉಗುರಿನಿಂದ ಕೆರೆದಳು. ಚುಕ್ಕೆಯ ಜೊತೆ ಬಣ್ಣವೂ ಕಿತ್ತು ಬಂತು. ಅವಳಿಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಅಂಗೈ ಮೇಲೆ ಟಪ್ಪನೆ ಒಂದು ಹಳದಿ ಹನಿ. ತಲೆಯೆತ್ತಿ ನೋಡಿದರೆ ಹಾರಿ ಹೋಗುತ್ತಿದ್ದ ಜೇನು!

ಕೆಂಚಮ್ಮ ಸಿಟ್ಟಿನಿಂದ ದೊಂದಿ ಹಚ್ಚಿಕೊಂಡು ಬಂಡೆ ಹತ್ತಿದಳು. ಹೊಗೆ ಹುಟ್ಟಿನವರೆಗೂ ಏರಿತು. ಜೇನುಗಳು ಕುಟುಕಲು ಅಣಿಯಾದವು. “ತಡೆಯಿರಿ” ಅಂತ ಹಿರಿಜೇನು ಒಂದೇ ಕೆಳಗಿಳಿದು ಅವಳ ಎದುರು ಬಂತು.

“ತಾಯೀ, ಚುಕ್ಕೆ ಹಾಕಿದ್ದು ನಾವೇ. ಬೇಕು ಅಂತ ಅಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಕಾವಿಗೆ ಮಕ್ಕಳು ಸತ್ತುಹೋಗುತ್ತಿದ್ದವು. ನೋಡು ಬೇಕಾದರೆ.”

ಕೆಂಚಮ್ಮ ಬಗ್ಗಿ ನೋಡಿದಳು. ಗೂಡುಗೂಡಲ್ಲೂ ಅನ್ನದ ಅಗುಳಿನಂಥ ಬಿಳಿ ಮರಿ. ತಂಗಿಯ ಹೊಟ್ಟೆಯಲ್ಲಿದ್ದ ಕೂಸು ನೆನಪಾಯಿತು. ಅವಳ ಕೈ ತಾನಾಗಿಯೇ ಇಳಿಯಿತು. ದೊಂದಿಯನ್ನು ಮಣ್ಣಿಗೆ ಒತ್ತಿ ಆರಿಸಿದಳು.

“ಮೊದಲೇ ಹೇಳಬಾರದಿತ್ತಾ?”

“ನಾಚಿಕೆ ಆಯಿತು, ತಾಯಿ.”

ಕೆಂಚಮ್ಮನಿಗೆ ನಗು ಬಂತು. “ಸರಿ, ಈಗ ನನ್ನ ಬಂಡಿ ಏನಾಗಬೇಕು?”

“ಅದು ಬರೀ ಹೂವಿನ ಪುಡಿ. ಒಣಗಿದ್ದನ್ನು ಕೆರೆಯಬೇಡ. ಒದ್ದೆ ಬಟ್ಟೆ ಹೊದಿಸು, ಸ್ವಲ್ಪ ಹೊತ್ತು ಬಿಡು, ಮೆತ್ತಗಾದ ಮೇಲೆ ಮೆಲ್ಲಗೆ ಒರೆಸು. ಆದರೆ ತುಂಬ ದಿನ ಬಿಟ್ಟರೆ ಕಲೆ ಕೂತುಬಿಡುತ್ತೆ.”

ಹಾಗೇ ಮಾಡಿದಳು. ಚುಕ್ಕೆಗಳೆಲ್ಲ ಕರಗಿ ನೀರಿನ ಜೊತೆ ಇಳಿದುಹೋದವು. ಕೆರೆದ ಜಾಗ ಮಾತ್ರ ಹಾಗೇ ಉಳಿಯಿತು. ಪರವಾಗಿಲ್ಲ ಅಂದುಕೊಂಡು ಹೊರಟಳು. ಸಂಜೆಯೊಳಗೆ ತಂಗಿ ಅಕ್ಕನ ಮನೆಯಲ್ಲಿದ್ದಳು. ವಾರ ಕಳೆಯುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ನಾಲಿಗೆಗೆ ಮುಟ್ಟಿಸಲು ಬಂಡೆಯಿಂದ ಒಂದು ತೊಟ್ಟು ಜೇನುತುಪ್ಪ ಇಳಿದು ಬಂತಂತೆ.

ಹೆಜ್ಜೇನುಗಳು ಈಗಲೂ ಹುಟ್ಟನ್ನು ಗಲೀಜು ಮಾಡುವುದಿಲ್ಲ, ಪುಟ್ಟಿ. ಬಿಸಿಲು ಇಳಿದ ಮೇಲೆ ಎಲ್ಲವೂ ಒಟ್ಟಿಗೆ ಹೊರಬಂದು ಹಾರುತ್ತವೆ. ನಿಮ್ಮಪ್ಪ ಬೇವಿನ ಮರದ ಕೆಳಗೆ ನಿಲ್ಲಿಸಿದ ಬಿಳಿ ಕಾರಿನ ಮೇಲೆ ಇವತ್ತು ನೀನು ಕಂಡ ಹಳದಿ ಚುಕ್ಕೆಗಳು, ಅಲ್ಲೆಲ್ಲೋ ಎತ್ತರದಲ್ಲಿ ಜೇನುಮರಿಗಳು ತಣ್ಣಗೆ ಮಲಗಿವೆ ಅನ್ನುವುದರ ಗುರುತು ಕಣೇ.